ಬಡಗಿಯ ಗಡಿಯಾರ

ನೆಲ ಕಾಣದ ನಡುಗಡಲಿನಲ್ಲಿ ತನ್ನ ಹಡಗು ಎಲ್ಲಿದೆಯೆಂಬುದನ್ನು ನಾವಿಕನು ಅರಿಯುವುದು ಹೇಗೆ? ಸೂರ್ಯನ ಎತ್ತರವನ್ನು ಅಳೆದು ಅಕ್ಷಾಂಶವನ್ನು ತಿಳಿಯಬಹುದು. ರೇಖಾಂಶಕ್ಕಾದರೋ, ಹಡಗು ಇರುವೆಡೆಯ ವೇಳೆಯ ಜೊತೆಗೆ ಹೊರಟ ಊರಿನ ವೇಳೆಯೂ ಗೊತ್ತಿರಬೇಕು. ಇವೆರಡರ ನಡುವಣ ನಾಲ್ಕು ನಿಮಿಷಗಳ ಅಂತರವು ಒಂದು ಡಿಗ್ರಿಗೆ ಸಮ. ಆದರೆ ಅಲೆಗಳ ಹೊಯ್ದಾಟದಲ್ಲಿ ತಪ್ಪದೆ ನಡೆಯುವ ಗಡಿಯಾರ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇರಲಿಲ್ಲ. 1707ರಲ್ಲಿ ಇಂಗ್ಲೆಂಡಿನ ನಾಲ್ಕು ಯುದ್ಧನೌಕೆಗಳು ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿದು ಮುಳುಗಿ, ಸಾವಿರಕ್ಕೂ ಮಿಕ್ಕಿ ಜನರು ಮಡಿದರು. 1714ರಲ್ಲಿ ಅಲ್ಲಿನ ಪಾರ್ಲಿಮೆಂಟು, ಅರ್ಧ ಡಿಗ್ರಿಯೊಳಗೆ ರೇಖಾಂಶವನ್ನು ತಿಳಿಯುವ ಉಪಾಯಕ್ಕೆ 20,000 ಪೌಂಡುಗಳ ಬಹುಮಾನವನ್ನು ಸಾರಿತು. ಇದಕ್ಕಾಗಿ ನೇಮಕವಾದ ರೇಖಾಂಶ ಮಂಡಲಿಗೆ, ಭರವಸೆ ಮೂಡಿಸುವ ಪ್ರಯೋಗಗಳಿಗೆ ಧನಸಹಾಯ ನೀಡುವ ಅಧಿಕಾರವೂ ದೊರೆಯಿತು. ಬಹುಮಾನವನ್ನು ಎಲ್ಲರೂ ನೆನೆಯುತ್ತಾರೆ. ಈ ಧನಸಹಾಯವನ್ನು ನೆನೆಯುವವರು ವಿರಳ.

ಜಾನ್ ಹ್ಯಾರಿಸನ್ 1693ರಲ್ಲಿ ಯಾರ್ಕ್‌ಷೈರಿನ ಫೌಲ್ಬಿ ಎಂಬ ಹಳ್ಳಿಯಲ್ಲಿ ಬಡಗಿಯ ಮಗನಾಗಿ ಜನಿಸಿದನು. ತಾನೂ ಬಡಗಿಯಾಗಿ, ಮರದ ಹಲ್ಲುಚಕ್ರಗಳಿಂದಲೇ ಗಡಿಯಾರಗಳನ್ನು ಮಾಡಿದನು. ತನ್ನಲ್ಲಿಯೇ ಎಣ್ಣೆಯಂಶವುಳ್ಳ ಮರವನ್ನು ಆರಿಸಿಕೊಂಡು, ಎಣ್ಣೆ ಹಾಕಬೇಕಾಗದ ಗೋಪುರ ಗಡಿಯಾರವೊಂದನ್ನು ನಿರ್ಮಿಸಿದನು. ಕಡಲ ಗಡಿಯಾರವನ್ನು ಮಾಡಬಲ್ಲೆನೆಂಬ ನಂಬಿಕೆ ಅವನಿಗಿತ್ತು, ಕೈಯಲ್ಲಿ ಹಣವಿರಲಿಲ್ಲ.

ಸುಮಾರು 1730ರಲ್ಲಿ ಅವನು ಲಂಡನ್ನಿಗೆ ಹೋಗಿ, ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿಯನ್ನು ಕಂಡನು. ಹ್ಯಾಲಿಯು ಅವನನ್ನು ಪ್ರಸಿದ್ಧ ಗಡಿಯಾರ ತಯಾರಕನಾದ ಜಾರ್ಜ್ ಗ್ರಹಾಮನ ಬಳಿಗೆ ಕಳುಹಿಸಿದನು. ಗ್ರಹಾಮನು ನಕ್ಷೆಗಳನ್ನು ನೋಡಿ, ಬಡ್ಡಿಯನ್ನೂ ಒತ್ತೆಯನ್ನೂ ಕೇಳದೆ ಹಣವನ್ನು ಸಾಲವಾಗಿ ಕೊಟ್ಟನು. ಒಂದೇ ಕಸುಬಿನವರಲ್ಲಿ ಇಂಥ ಔದಾರ್ಯ ಅಪರೂಪವೇ ಸರಿ.

1735ರಲ್ಲಿ ಸಿದ್ಧವಾದ ಮೊದಲ ಗಡಿಯಾರವು ಮರುವರ್ಷ ಲಿಸ್ಬನ್ನಿಗೆ ಹೋಗಿಬಂದಿತು. 1737ರಲ್ಲಿ ಮಂಡಲಿಯು ಸಭೆ ಸೇರಿತು. ಅಲ್ಲಿ ಹ್ಯಾರಿಸನ್ನನು ವೆಸ್ಟ್ ಇಂಡೀಸಿನವರೆಗಿನ ಪರೀಕ್ಷೆಯನ್ನು ಕೇಳಬಹುದಾಗಿತ್ತು. ಗೆದ್ದಿದ್ದರೆ ಬಹುಮಾನವೇ ಅವನದಾಗುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ತನ್ನ ಯಂತ್ರದ ದೋಷಗಳನ್ನು ತಾನೇ ಎತ್ತಿ ತೋರಿಸಿ, ಇನ್ನೊಂದನ್ನು ಮಾಡಲು ನೆರವು ಬೇಡಿದನು. 500 ಪೌಂಡುಗಳು ಮಂಜೂರಾದವು: ಅರ್ಧ ಕೂಡಲೇ, ಉಳಿದರ್ಧ ಕೆಲಸ ಮುಗಿದ ಮೇಲೆ.

ಎರಡನೆಯ ಗಡಿಯಾರ ಅವನಿಗೆ ತೃಪ್ತಿಯನ್ನು ನೀಡಲಿಲ್ಲ. ಮೂರನೆಯದು ಹತ್ತೊಂಬತ್ತು ವರ್ಷಗಳನ್ನು ನುಂಗಿತು. ಅವಧಿ ಮೀರಿದಾಗಲೆಲ್ಲ ಅವನು ಮತ್ತೆ ಅರ್ಜಿ ಸಲ್ಲಿಸುತ್ತಿದ್ದನು. ಮಂಡಲಿಯು ಹಲವು ಬಾರಿ ಐದೈದು ನೂರು ಪೌಂಡುಗಳನ್ನು ಕೊಟ್ಟಿತು. ಶಾಖದಿಂದ ಗಡಿಯಾರದ ವೇಗ ಕೆಡದಂತೆ ಹಿತ್ತಾಳೆ ಮತ್ತು ಉಕ್ಕಿನ ಪಟ್ಟಿಗಳನ್ನು ಒಂದುಗೂಡಿಸುವ ವಿಧಾನ ಆ ದೀರ್ಘ ದುಡಿಮೆಯಲ್ಲಿ ಮೂಡಿತು. 1759ರಲ್ಲಿ ನಾಲ್ಕನೆಯದು ಪೂರ್ಣವಾಯಿತು. ಅದು ಕೇವಲ ಹದಿಮೂರು ಸೆಂಟಿಮೀಟರ್ ಅಗಲದ, ಅಂಗೈಯಲ್ಲಿ ಹಿಡಿಯಬಹುದಾದ ಗಡಿಯಾರ!

1761ರಲ್ಲಿ ಮಗ ವಿಲಿಯಂ ಅದನ್ನು ಜಮೈಕಾಕ್ಕೆ ಒಯ್ದನು. ತಪ್ಪಿದ್ದು ಸುಮಾರು ಐದು ಸೆಕೆಂಡು. ಮಂಡಲಿಯು ಇದನ್ನು ಒಪ್ಪದೆ ಎರಡನೆಯ ಪರೀಕ್ಷೆಯನ್ನು ವಿಧಿಸಿತು. 1764ರಲ್ಲಿ ಬಾರ್ಬಡೋಸ್ ಯಾನದಲ್ಲಿ ತಪ್ಪು 39 ಸೆಕೆಂಡು. ಕಾಯಿದೆ ಒಪ್ಪುತ್ತಿದ್ದುದು ಎರಡು ನಿಮಿಷಗಳನ್ನು. ಆದರೂ 1765ರಲ್ಲಿ ಹೊಸ ಷರತ್ತುಗಳು ಬಂದವು: ರಚನೆಯ ರಹಸ್ಯವನ್ನು ಬಿಚ್ಚಿದರೆ ಅರ್ಧ ಹಣ, ಇನ್ನೂ ಗಡಿಯಾರಗಳನ್ನು ಮಾಡಿ ತೋರಿಸಿದರೆ ಉಳಿದರ್ಧ. ಅವನ ಬೆಳವಣಿಗೆಗೆ ನೀರೆರೆದ ಮಂಡಲಿಯೇ ಫಲದ ಹೊತ್ತಿಗೆ ಕೈ ಬಿಗಿಹಿಡಿದುದು ವಿಪರ್ಯಾಸ.

ಮುದುಕನಾದ ಹ್ಯಾರಿಸನ್ನನು ದೊರೆಯ ಮೊರೆಹೊಕ್ಕನು. 1772ರಲ್ಲಿ ಮೂರನೆಯ ಜಾರ್ಜ್ ಅವನ ಐದನೆಯ ಗಡಿಯಾರವನ್ನು ತನ್ನ ವೀಕ್ಷಣಾಲಯದಲ್ಲಿ ಪರೀಕ್ಷಿಸಿದನು. ಮರುವರ್ಷ ಪಾರ್ಲಿಮೆಂಟು 8,750 ಪೌಂಡುಗಳನ್ನು ನೀಡಿತು. ಆಗ ಹ್ಯಾರಿಸನ್ನನಿಗೆ ಎಂಬತ್ತು ವರ್ಷ. ನಾಲ್ಕನೆಯ ಗಡಿಯಾರದ ಪ್ರತಿಯೊಂದನ್ನು ಜೊತೆಗೆ ಕೊಂಡೊಯ್ದಿದ್ದ ಕ್ಯಾಪ್ಟನ್ ಕುಕ್ 1775ರಲ್ಲಿ ದಕ್ಷಿಣ ಸಾಗರಗಳನ್ನು ಸುತ್ತಿ ಕ್ಷೇಮವಾಗಿ ಹಿಂದಿರುಗಿದನು. ಮರುವರ್ಷ ಮಾರ್ಚ್ 24ರಂದು ಹ್ಯಾರಿಸನ್ ಲಂಡನ್ನಿನಲ್ಲಿ ಕಣ್ಮುಚ್ಚಿದನು.