ನೀರಿಗೆ ಲೆಕ್ಕ ಇಟ್ಟ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ

ಚಿಕ್ಕಬಳ್ಳಾಪುರ: ನಂದಿ ಬೆಟ್ಟಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ಮೊದಲಾದ ನದಿಗಳು ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ಒಂದು ನದಿಯೂ ಈ ಜಿಲ್ಲೆಗಿಲ್ಲ. ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ಬೆಳೆ ಎಂಬುದೇ ಇಲ್ಲಿನ ರೈತರ ತಲೆಮಾರುಗಳ ಬದುಕು. ಇಂತಹ ಬಯಲುಸೀಮೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಬಾಲಕನೊಬ್ಬ ಮುಂದೆ ಸಿಂಧೂ, ಮೂಸಿ, ಕಾವೇರಿ ನದಿಗಳ ನೀರನ್ನು ಅಳೆದು, ಹಿಡಿದು, ಹಂಚುವ ವಿದ್ಯೆಯಲ್ಲಿ ದೇಶಕ್ಕೇ ಗುರುವಾದದ್ದು ಕನ್ನಡ ನಾಡಿನ ಚರಿತ್ರೆಯ ಹೆಮ್ಮೆಯ ಅಧ್ಯಾಯ.

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಎಂದೊಡನೆ ಜನರ ಕಣ್ಣೆದುರು ಬರುವುದು ಕನ್ನಂಬಾಡಿ ಕಟ್ಟೆ. ಆದರೆ ಅವರ ಬದುಕನ್ನು ಆರಂಭದಿಂದ ಗಮನಿಸಿದರೆ, ಕಟ್ಟುವುದಕ್ಕಿಂತ ಮೊದಲು ಲೆಕ್ಕ ಹಾಕುವುದು ಅವರ ಸ್ವಭಾವವಾಗಿತ್ತು ಎಂಬುದು ತಿಳಿಯುತ್ತದೆ. ನೀರು ಎಷ್ಟಿದೆ, ಎಲ್ಲಿಂದ ಬರುತ್ತದೆ, ಯಾರಿಗೆ ಎಷ್ಟು ಸಲ್ಲಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಅವರು ಯಾವ ಯೋಜನೆಗೂ ಕೈ ಹಾಕಿದವರಲ್ಲ.

ಬಡತನದ ಬಾಲ್ಯ

ವಿಶ್ವೇಶ್ವರಯ್ಯನವರ ಜನ್ಮದಿನ ಸೆಪ್ಟೆಂಬರ್ 15. ಇಸವಿ ಮಾತ್ರ ಕೆಲವು ದಾಖಲೆಗಳಲ್ಲಿ 1860 ಎಂದೂ, ಮತ್ತೆ ಕೆಲವುಗಳಲ್ಲಿ 1861 ಎಂದೂ ಇದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಪೂರ್ವಿಕರು ಈಗಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಎಂಬ ಊರಿನಿಂದ ಬಂದು ಇಲ್ಲಿ ನೆಲೆಸಿದವರು. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಆರಂಭದ ವಿದ್ಯಾಭ್ಯಾಸ ನಡೆಯಿತು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಅವರಿಗೆ ಸೋದರಮಾವನ ಆಸರೆ ದೊರೆಯಿತು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ತೂಗಿಸುತ್ತಲೇ 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕರೆದೊಯ್ದಿತು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದ ಅವರನ್ನು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ 1884ರಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿಸಿಕೊಂಡಿತು.

ನಾಸಿಕ್ ಮತ್ತು ಖಾನ್‌ದೇಶದ ಕಾಲುವೆ ಕೆಲಸಗಳಲ್ಲಿ ಅವರ ಕೈ ಪಳಗಿತು. 1890ರ ದಶಕದಲ್ಲಿ ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸುವ ಹೊಣೆ ಬಂತು. ಸಿಂಧೂ ನದಿಯ ನೀರು ಕೆಸರಿನಿಂದ ಕೂಡಿತ್ತು. ದುಬಾರಿ ಶೋಧಕ ತೊಟ್ಟಿಗಳಿಗೆ ಪುರಸಭೆಯ ಬಳಿ ಹಣವಿರಲಿಲ್ಲ. ಹೀಗಾಗಿ ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ತಾನಾಗಿಯೇ ಸೋಸಿ ಬರುವ ನೀರನ್ನು ಪಟ್ಟಣಕ್ಕೆ ಎತ್ತುವ ದಾರಿಯನ್ನು ಅವರು ಆರಿಸಿಕೊಂಡರು. ಪ್ರಕೃತಿಯೇ ಮಾಡುವ ಕೆಲಸಕ್ಕೆ ಹಣ ವ್ಯಯಿಸಬೇಕಿಲ್ಲ ಎಂಬ ಈ ವಿವೇಕ ಬಡ ದೇಶವೊಂದರ ಎಂಜಿನಿಯರ್‌ಗೆ ಅತ್ಯಗತ್ಯವಾಗಿತ್ತು.

ಹಂಚಿ ಉಣ್ಣುವ ನೀರಾವರಿ

1899ರ ಸುಮಾರಿಗೆ ಅವರು ರೂಪಿಸಿದ ಬ್ಲಾಕ್ ಪದ್ಧತಿ ಅಣೆಕಟ್ಟುಗಳಷ್ಟು ಪ್ರಚಾರ ಪಡೆಯಲಿಲ್ಲ. ಆದರೆ ಮಹತ್ವದಲ್ಲಿ ಅದು ಯಾವ ಕಟ್ಟೆಗೂ ಕಡಿಮೆಯಲ್ಲ. ಕಾಲುವೆಯ ತಲೆಭಾಗದ ರೈತರು ಕಬ್ಬಿಗೆ ಮಿತಿಯಿಲ್ಲದೆ ನೀರು ಹರಿಸುತ್ತಿದ್ದರು. ಅಲ್ಲಿನ ನೆಲ ಜೌಗು ಹಿಡಿಯುತ್ತಿತ್ತು, ಕೊನೆಯ ಹಳ್ಳಿಗಳಿಗೆ ನೀರು ತಲುಪುತ್ತಿರಲಿಲ್ಲ. ವಿಶ್ವೇಶ್ವರಯ್ಯನವರು ಪ್ರತಿ ಹಳ್ಳಿಯಲ್ಲೂ ನೀರಾವರಿಗೆ ತಕ್ಕ ಜಮೀನನ್ನು ಗುರುತಿಸಿ, ಅದನ್ನು ನಿಶ್ಚಿತ ಬ್ಲಾಕುಗಳಾಗಿ ವಿಂಗಡಿಸಿದರು. ಹೆಚ್ಚು ನೀರು ಬೇಡುವ ಬೆಳೆ ಬ್ಲಾಕಿನ ಒಂದು ಭಾಗಕ್ಕೆ ಸೀಮಿತವಾಯಿತು. ಉಳಿದ ಭಾಗದಲ್ಲಿ ಕಡಿಮೆ ನೀರಿನ ಬೆಳೆ, ಮುಂದಿನ ವರ್ಷ ಸರದಿ ಬದಲು. ಅಷ್ಟೇ ನೀರು ಹೆಚ್ಚು ಹಳ್ಳಿಗಳಿಗೆ ಸಲ್ಲುವಂತಾಗಬೇಕು, ಮಣ್ಣಿನ ಸಾರವೂ ಉಳಿಯಬೇಕು ಎಂಬುದು ಇದರ ತಿರುಳು. ತಲೆಭಾಗದ ಬೆಳೆಗಾರರಿಂದ ಇದಕ್ಕೆ ವಿರೋಧ ಬಂದದ್ದು ಸಹಜವೇ.

1903ರಲ್ಲಿ ಪುಣೆ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ನೀರು ನಿಗದಿತ ಮಟ್ಟ ಮೀರಿದಾಗ ತಾವೇ ತೆರೆದುಕೊಂಡು, ಇಳಿದಾಗ ತಾವೇ ಮುಚ್ಚಿಕೊಳ್ಳುವ ಈ ಬಾಗಿಲುಗಳಿಂದ ಹಳೆಯ ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ಸಂಗ್ರಹಿಸಲು ಸಾಧ್ಯವಾಯಿತು. 1906ರಲ್ಲಿ ಏಡನ್ ಬಂದರಿನ ನೀರು ಮತ್ತು ಒಳಚರಂಡಿ ವ್ಯವಸ್ಥೆಗೆ ಸಲಹೆ ನೀಡಲು ಸರ್ಕಾರ ಅವರನ್ನು ಕಳುಹಿಸಿತು.

ಮೂಸಿ ಪ್ರವಾಹದ ಪಾಠ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಮುಂಬಯಿ ಸೇವೆಯಿಂದ ಸ್ವಇಚ್ಛೆಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ್ ಸರ್ಕಾರ ಕರೆಸಿಕೊಂಡಿತು. ಅವರು ನಗರದ ದಡಗಳನ್ನಷ್ಟೇ ನೋಡಲಿಲ್ಲ. ನದಿಯ ಜಲಾನಯನ ಪ್ರದೇಶದಲ್ಲಿದ್ದ ಕೆರೆಗಳ ಲೆಕ್ಕ ತೆಗೆದರು. ಒಟ್ಟು 788 ಕೆರೆಗಳ ಪೈಕಿ 221 ಒಡೆದು ಹೋಗಿದ್ದವು. ಒಂದು ಕೆರೆ ಒಡೆದ ನೀರು ಕೆಳಗಿನ ಕೆರೆಯ ಮೇಲೆ ಬಿದ್ದು ಪ್ರವಾಹ ಹಿಗ್ಗಿತ್ತು. ನಗರವನ್ನು ಉಳಿಸಬೇಕಾದರೆ ಮೇಲ್ಭಾಗದಲ್ಲೇ ನೀರನ್ನು ತಡೆಯಬೇಕು ಎಂಬ ಅವರ ವರದಿಯ ಫಲವಾಗಿ ಮೂಸಿಗೆ ಉಸ್ಮಾನ್ ಸಾಗರ, ಈಸಿ ನದಿಗೆ ಹಿಮಾಯತ್ ಸಾಗರ ನಿರ್ಮಾಣವಾದವು. ಈ ಜಲಾಶಯಗಳು ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದವು.

ಕಾವೇರಿ ಮತ್ತು ಕೋಲಾರದ ಚಿನ್ನ

1909ರ ನವೆಂಬರ್‌ನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. 1902ರಿಂದಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿತ್ತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಕನ್ನಂಬಾಡಿಯಲ್ಲಿ ನದಿಗೆ ಕಟ್ಟೆ ಹಾಕಿದರೆ ಗಣಿಗಳಿಗೆ ನಿರಂತರ ವಿದ್ಯುತ್ತು, ಮಂಡ್ಯದ ಒಣಭೂಮಿಗೆ ನೀರು ಎರಡೂ ದೊರೆಯುತ್ತವೆ ಎಂದು ಅವರು ಲೆಕ್ಕ ಹಾಕಿದರು. ವಿದ್ಯುತ್ತಿನ ಆದಾಯ ಕಟ್ಟೆಯ ಸಾಲವನ್ನು ತೀರಿಸಲು ನೆರವಾಗುತ್ತದೆ ಎಂಬುದು ಅವರ ವಾದವಾಗಿತ್ತು. ಇಷ್ಟು ದೊಡ್ಡ ವೆಚ್ಚಕ್ಕೆ ಸಂಸ್ಥಾನದೊಳಗೇ ಹಿಂಜರಿಕೆಯಿತ್ತು, ಮದ್ರಾಸ್ ಸರ್ಕಾರದ ಆಕ್ಷೇಪವೂ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿಗೆ ನೀಡಿ, 1911ರಲ್ಲಿ ಕೆಲಸ ಆರಂಭವಾಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಸಿ ಕಟ್ಟಿದ ಅಣೆಕಟ್ಟು ಪೂರ್ಣಗೊಂಡದ್ದು 1930ರ ದಶಕದ ಆರಂಭದಲ್ಲಿ. ಜಲಾಶಯದ ಸಾಮರ್ಥ್ಯ 49 ಟಿಎಂಸಿಗೂ ಅಧಿಕ. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು, ಅಲ್ಲಿನ ಜನ ನೆಲೆ ಬದಲಿಸಬೇಕಾಯಿತು ಎಂಬುದೂ ಈ ಚರಿತ್ರೆಯ ಭಾಗ.

1912ರಿಂದ 1918ರವರೆಗೆ ದಿವಾನರಾಗಿದ್ದ ಅವಧಿಯಲ್ಲಿ ಅವರು ಎಂಜಿನಿಯರಿಂಗ್ ಎಂಬ ಪದದ ಅರ್ಥವನ್ನೇ ವಿಸ್ತರಿಸಿದರು. 1913ರಲ್ಲಿ ಮೈಸೂರು ಬ್ಯಾಂಕ್ ಮತ್ತು ಹೆಬ್ಬಾಳದ ಕೃಷಿ ಶಾಲೆ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ತಲೆ ಎತ್ತಿದವು. ರೇಷ್ಮೆ ಕೃಷಿಯ ಸುಧಾರಣೆಗೆ ಇಟಲಿಯ ತಜ್ಞರನ್ನು ಸಂಸ್ಥಾನ ಕರೆಸಿಕೊಂಡದ್ದೂ ಇದೇ ಕಾಲದಲ್ಲಿ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ ಇಂದು ರಾಜ್ಯದ ಪ್ರಮುಖ ಮಾರುಕಟ್ಟೆಗಳಲ್ಲಿ ಒಂದು. ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಜೋಡಿಸಿದ ಕಿರು ರೈಲು ಮಾರ್ಗವೂ ಆ ದಶಕದ್ದೇ.

ಭಿನ್ನಾಭಿಪ್ರಾಯ ಮತ್ತು ನಿರ್ಗಮನ

ಅವರ ಎಲ್ಲ ನಿಲುವುಗಳೂ ಪ್ರಶ್ನಾತೀತವಾಗಿರಲಿಲ್ಲ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯ ನೀಡುವ ವಿಚಾರವಾಗಿ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಶಿಕ್ಷಣ ಹೆಚ್ಚಿಸಬೇಕೇ ಹೊರತು ಅರ್ಹತೆಯ ಮಾನದಂಡ ಸಡಿಲಿಸಬಾರದೆಂಬ ಅಭಿಪ್ರಾಯ ಹೊಂದಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ದಿವಾನಗಿರಿ ತೊರೆದರು. ಮುಂದೆ ಮಿಲ್ಲರ್ ವರದಿಯೇ ರಾಜ್ಯದ ಹಿಂದುಳಿದ ವರ್ಗಗಳ ಏಳಿಗೆಗೆ ಬುನಾದಿಯಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು 1920ರ ದಶಕದಲ್ಲಿ ನಷ್ಟದಿಂದ ಮೇಲೆತ್ತಲು ಅವರು ದುಡಿದರು. ಆದರೆ ಆ ಕಾರ್ಖಾನೆಯ ಕುಲುಮೆಗೆ ಬೇಕಾದ ಇದ್ದಿಲನ್ನು ಮಲೆನಾಡಿನ ಕಾಡುಗಳು ತೆರಬೇಕಾಯಿತು. ಕೈಗಾರಿಕೆಯೇ ಬಡತನಕ್ಕೆ ಮದ್ದು ಎಂದು ನಂಬಿದ್ದ ಆ ಕಾಲ, ಕಾಡಿನ ಖರ್ಚನ್ನು ನೀರಿನ ಖರ್ಚಿನಷ್ಟು ಸೂಕ್ಷ್ಮವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪ್ರತಿಪಾದಿಸುವ ಗ್ರಂಥವನ್ನು ಅವರು ಪ್ರಕಟಿಸಿದರು. 1955ರಲ್ಲಿ ಭಾರತ ರತ್ನ ಸಂದಿತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷಗಳ ತುಂಬು ಬಾಳಿನ ನಂತರ ಬೆಂಗಳೂರಿನಲ್ಲಿ ನಿಧನರಾದರು. ಸಮಾಧಿ ಹುಟ್ಟೂರು ಮುದ್ದೇನಹಳ್ಳಿಯಲ್ಲಿದೆ.

ತವರಿನ ನೀರಿನ ಪ್ರಶ್ನೆ

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅಂತರ್ಜಲದ ಸ್ಥಿತಿ ಕಳವಳಕಾರಿ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಭಾಗಗಳಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಹೊಸತಲ್ಲ. ಅಷ್ಟು ಆಳದಿಂದ ಬರುವ ನೀರಿನಲ್ಲಿ ಫ್ಲೋರೈಡ್ ಇರುವುದೂ ಗುಟ್ಟಲ್ಲ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ನೀರನ್ನು ಜಿಲ್ಲೆಯ ಕೆರೆಗಳಿಗೆ ತುಂಬಿಸಿ ಅಂತರ್ಜಲ ಹೆಚ್ಚಿಸುವ ಯೋಜನೆ ಜಾರಿಗೆ ಬಂದಿದೆ. ಆ ನೀರನ್ನು ಮೂರನೇ ಹಂತದವರೆಗೆ ಶುದ್ಧೀಕರಿಸಬೇಕೆಂಬುದು ರೈತ ಸಂಘಟನೆಗಳ ಬೇಡಿಕೆ.

ಪಶ್ಚಿಮಘಟ್ಟದಿಂದ 24.01 ಟಿಎಂಸಿ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆ ನಡೆದದ್ದು ಮುದ್ದೇನಹಳ್ಳಿಯಲ್ಲೇ. ಸಕಲೇಶಪುರದ ಬಳಿ ಮೊದಲ ಹಂತಕ್ಕೆ ಚಾಲನೆ ದೊರೆತದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಂದಾಜಿಸಿದಷ್ಟು ನೀರು ಆ ಹಳ್ಳಗಳಲ್ಲಿ ದೊರೆಯುವುದಿಲ್ಲ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತಮ್ಮ ಅಧ್ಯಯನದಲ್ಲಿ ಹೇಳಿದ್ದಾರೆ. ಘಟ್ಟದ ಕಾಡಿಗೆ ಆಗುವ ಹಾನಿಯ ಬಗೆಗೂ ಆಕ್ಷೇಪಗಳಿವೆ. ಕುಡಿಯುವ ನೀರಿಗೆ ಕಾದಿರುವ ಬಯಲುಸೀಮೆಯ ಜನರಿಗೆ ಈ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಬರೀ ಅಂಕಿಗಳ ವಿಷಯವಲ್ಲ.

ವಿಶ್ವೇಶ್ವರಯ್ಯನವರ ಜನ್ಮದಿನವನ್ನು ದೇಶವು ಎಂಜಿನಿಯರುಗಳ ದಿನವಾಗಿ ಆಚರಿಸುತ್ತದೆ. ಅವರ ಹೆಸರಿನಲ್ಲಿ ಕಾಲುವೆ, ವಸ್ತುಸಂಗ್ರಹಾಲಯ, ತಾಂತ್ರಿಕ ವಿಶ್ವವಿದ್ಯಾಲಯಗಳಿವೆ. ದೂರದ ನೀರು ಬರಲಿ ಬಾರದಿರಲಿ, ತವರು ಜಿಲ್ಲೆಗೆ ಇಂದು ಹೆಚ್ಚು ಬೇಕಾಗಿರುವುದು ಮೂಸಿ ದಂಡೆಯಲ್ಲಿ ಅವರು ಕೆರೆಗಳನ್ನು ಎಣಿಸಿದ ಶ್ರದ್ಧೆ ಮತ್ತು ಪುಣೆಯ ಕಾಲುವೆಗಳಲ್ಲಿ ಕೊನೆಯ ಹಳ್ಳಿಗೂ ಪಾಲು ಇರಿಸಿದ ನ್ಯಾಯ. ಒಂದೊಂದು ಕೆರೆಯಲ್ಲಿ ಎಷ್ಟು ನೀರು ನಿಲ್ಲುತ್ತದೆ, ಅದರಲ್ಲಿ ಯಾವ ಬೆಳೆ ಎಷ್ಟು ಎಕರೆ ತಾಳುತ್ತದೆ ಎಂಬ ಲೆಕ್ಕವನ್ನು ಪ್ರತಿ ಗ್ರಾಮ ಪಂಚಾಯಿತಿಯೂ ಇಡುವುದಾದರೆ, ಅದು ಅವರ ಕೆಲಸದ ಮುಂದುವರಿಕೆಯೇ ಆಗುತ್ತದೆ.