ನುಡಿಸಲರಿಯದ ವಾದ್ಯಶಿಲ್ಪಿ

ಎಲೆಕ್ಟ್ರಿಕ್ ಗಿಟಾರನ್ನು ಹೊಸದಾಗಿ ಕೊಂಡು ಕಲಿಯತೊಡಗಿದ ತರುಣನ ಮೊದಲ ದಿನಗಳನ್ನು ನೋಡಿದವರು ಬಲ್ಲರು. ಬೆರಳ ತುದಿಗಳು ಉರಿಯುತ್ತಿರುತ್ತವೆ. ಒತ್ತಿದ ತಂತಿಯಿಂದ ನಾದದ ಬದಲು ಗರಗರ ಸದ್ದು ಹೊರಡುತ್ತದೆ. ಎಡಗೈಯ ವೇಗಕ್ಕೆ ಬಲಗೈ ಒದಗುವುದಿಲ್ಲ. ಕೊನೆಗೆ ಬೇಸತ್ತು, ವಾದ್ಯವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮನೆಯ ಕಾರಿಗೆಂದು ತಂದಿರಿಸಿದ ಮೇಣದ ಡಬ್ಬಿಯನ್ನು ತೆರೆದು, ಮೆತ್ತನೆಯ ಬಟ್ಟೆಯಿಂದ ಅದರ ಮೈಯನ್ನು ತಿಕ್ಕುತ್ತ ಕುಳಿತುಬಿಡುತ್ತಾನೆ. ಒಂದು ಗಂಟೆಯಲ್ಲಿ ಗಿಟಾರು ಕನ್ನಡಿಯಾಗುತ್ತದೆ. ಪಾಠ ಮಾತ್ರ ಇದ್ದಲ್ಲಿಯೇ ಇರುತ್ತದೆ. ಕಾರಿನ ಮೇಣಕ್ಕೂ ಸಂಗೀತಕ್ಕೂ ಎಲ್ಲಿಯ ನಂಟು ಎಂದು ಹಿರಿಯರು ನಗುತ್ತಾರೆ.

ನಂಟು ಇದೆ. ಇಂದು ಲೋಕವೆಲ್ಲ ಬಲ್ಲ ಎಲೆಕ್ಟ್ರಿಕ್ ಗಿಟಾರಿನ ಕೆಂಪು, ನೀಲಿ, ಹಸಿರು ಮೈಬಣ್ಣಗಳು ಮೊದಲು ಕಾರಿನ ಬಣ್ಣದ ಡಬ್ಬಿಗಳಿಂದಲೇ ಬಂದವು. ಆ ಬಣ್ಣವನ್ನು ಬಳಿಸಿದ ವಾದ್ಯಶಿಲ್ಪಿಯಾದರೋ ತನ್ನ ಜೀವಮಾನದಲ್ಲಿ ಗಿಟಾರು ನುಡಿಸಲು ಕಲಿಯಲೇ ಇಲ್ಲ. ಅವನೇ ಅಮೆರಿಕದ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್. ನುಡಿಸಲು ಬಾರದವನು ನುಡಿಸುವವರ ಕೈಗೆ ಅವರು ಬಯಸಿದ ವಾದ್ಯವನ್ನು ಹೇಗೆ ಕೊಟ್ಟನೆಂಬುದು ಅವನ ಬಾಳಿನ ಸ್ವಾರಸ್ಯ. ಕಲಿಯುವವರಿಗೂ ಕಲಿಸುವವರಿಗೂ ಅದರಲ್ಲಿ ಯೋಚಿಸತಕ್ಕ ಸಂಗತಿ ಇದೆ.

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ ಎಂಬುದು ಅವನ ಪೂರ್ಣ ನಾಮಧೇಯ. 1909ರ ಆಗಸ್ಟ್ 10ರಂದು ಅವನು ಹುಟ್ಟಿದನು. ಅನಹೈಮ್ ಮತ್ತು ಫುಲರ್ಟನ್ ಎಂಬ ಊರುಗಳ ನಡುವೆ ಅವನ ತಂದೆತಾಯಿಗಳ ಕಿತ್ತಲೆಯ ತೋಟವಿದ್ದಿತು. ಎಂಟು ವರ್ಷದ ಬಾಲಕನ ಎಡಗಣ್ಣಿನಲ್ಲಿ ಗಂತಿಯೊಂದು ಬೆಳೆಯಲು, ಆ ಕಣ್ಣನ್ನೇ ತೆಗೆಯಬೇಕಾಯಿತು. ಅಂದಿನಿಂದ ಕೊನೆಯವರೆಗೆ ಅವನದು ಒಂದು ಗಾಜಿನ ಕಣ್ಣು. ಬಾಲ್ಯದಲ್ಲಿ ಪಿಯಾನೊ ಕಲಿಯಲು ಯತ್ನಿಸಿದನು. ಶಾಲೆಯಲ್ಲಿ ಸ್ಯಾಕ್ಸೊಫೋನ್ ಹಿಡಿದನು. ಎರಡೂ ಅವನಿಗೆ ಒಲಿಯಲಿಲ್ಲ. ಒಲಿದುದು ಬೇರೊಂದು.

ಅವನ ಸೋದರ ಸಂಬಂಧದ ಹಿರಿಯನೊಬ್ಬನು ಸಾಂತ ಮರಿಯ ಎಂಬ ಊರಿನಲ್ಲಿ ಕಾರುಗಳ ವಿದ್ಯುತ್ ಉಪಕರಣಗಳನ್ನು ದುರಸ್ತಿ ಮಾಡುವ ಅಂಗಡಿ ಇಟ್ಟಿದ್ದನು. ಹದಿಮೂರರ ಹುಡುಗನಿಗೆ ಅವನು ಹಳೆಯ ಬಿಡಿಭಾಗಗಳನ್ನೂ ಬ್ಯಾಟರಿಯೊಂದನ್ನೂ ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸಿದನು. ಮುಂದೆ ಹುಡುಗನು ಆ ಅಂಗಡಿಗೇ ಹೋದಾಗ ಅಲ್ಲಿ ಕೈಯಿಂದ ಕಟ್ಟಿದ ರೇಡಿಯೊವೊಂದು ಕಹಳೆಯಂಥ ಬಾಯಿಯಿಂದ ಗಟ್ಟಿಯಾಗಿ ಹಾಡುತ್ತಿತ್ತು. ಆ ಸದ್ದು ಲಿಯೋನ ಮನಸ್ಸಿನಲ್ಲಿ ನೆಲೆಯಾಗಿ ನಿಂತಿತು. ಹಾಡಿದವರು ಯಾರೆಂಬುದಕ್ಕಿಂತ ಹಾಡು ಪೆಟ್ಟಿಗೆಯಿಂದ ಹೊರಬಂದ ಬಗೆ ಅವನನ್ನು ಹಿಡಿದು ನಿಲ್ಲಿಸಿತು. ಸಂಗೀತದ ಬಾಗಿಲನ್ನು ಅವನು ತಲುಪಿದುದು ಸ್ವರದ ದಾರಿಯಿಂದಲ್ಲ, ತಂತಿ ಬ್ಯಾಟರಿಗಳ ದಾರಿಯಿಂದ. ಅದೂ ಕಾರಿನ ಅಂಗಡಿಯೊಂದರ ಮೂಲಕ.

ಆದರೂ ಅವನು ಕಾಲೇಜಿನಲ್ಲಿ ಓದಿದುದು ಲೆಕ್ಕಪತ್ರದ ವಿಷಯವನ್ನು. ವಿದ್ಯುತ್ತಿನ ಪಾಠವನ್ನು ಯಾವ ಗುರುವೂ ಹೇಳಿಕೊಡಲಿಲ್ಲ. ಬೆಸುಗೆಯ ಕಡ್ಡಿ ಹಿಡಿದು ತಾನೇ ಕಲಿತನು. ಮಂಜುಗಡ್ಡೆಯ ಕಂಪನಿಯೊಂದರಲ್ಲಿ ಲೆಕ್ಕ ಬರೆದನು. 1934ರಲ್ಲಿ ಎಸ್ತರ್ ಎಂಬವಳನ್ನು ಮದುವೆಯಾದನು. ಹೆದ್ದಾರಿ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡಿದನು. ಆರ್ಥಿಕ ಮುಗ್ಗಟ್ಟಿನ ಆ ದಶಕದಲ್ಲಿ ಕೆಲಸವು ಕೈಬಿಟ್ಟಾಗ, 1938ರಲ್ಲಿ, ಆರುನೂರು ಡಾಲರು ಸಾಲ ಮಾಡಿ ಫುಲರ್ಟನ್ನಿನಲ್ಲಿ ರೇಡಿಯೊ ದುರಸ್ತಿಯ ಅಂಗಡಿ ತೆರೆದನು. ಮುಂದಿನದೆಲ್ಲಕ್ಕೂ ಆ ಅಂಗಡಿಯೇ ಬೀಜ.

ಆ ಅಂಗಡಿಗೆ ಮೇಳದವರು ಬರತೊಡಗಿದರು. ಅವರ ಕಷ್ಟವೇನೆಂಬುದನ್ನು ನಮ್ಮ ವೀಣೆಯ ದೃಷ್ಟಾಂತದಿಂದ ತಿಳಿಯಬಹುದು. ವೀಣೆಗೆ ಕೊಡವಿದ್ದಂತೆ ಗಿಟಾರಿಗೆ ಟೊಳ್ಳಾದ ಒಡಲು. ತಂತಿಯ ಮಿಡಿತವನ್ನು ಆ ಟೊಳ್ಳು ಹಿಗ್ಗಿಸಿ ಕಿವಿಗೆ ಮುಟ್ಟಿಸುತ್ತದೆ. ಆದರೆ ನೂರಾರು ಜನ ಕುಣಿಯುವ ನೃತ್ಯಶಾಲೆಯಲ್ಲಿ, ತುತ್ತೂರಿ ನಗಾರಿಗಳ ನಡುವೆ, ಅಷ್ಟು ಸದ್ದು ಸಾಲದು. ತಂತಿಯ ಅಡಿಯಲ್ಲಿ ಅಯಸ್ಕಾಂತವನ್ನಿಟ್ಟು, ಅದರ ಸುತ್ತ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ, ಮೇಲಿನ ಉಕ್ಕಿನ ತಂತಿ ಮಿಡಿದಾಗ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಧ್ವನಿವರ್ಧಕದಲ್ಲಿ ಹಿಗ್ಗಿಸಬಹುದು. ಈ ಉಪಾಯವನ್ನು 1930ರ ದಶಕದ ಆದಿಯಲ್ಲಿಯೇ ಇತರರು ಕಂಡುಕೊಂಡಿದ್ದರು. ತೊಡಕು ಉಳಿದುದು ಬೇರೆಡೆ. ಧ್ವನಿವರ್ಧಕದ ಸದ್ದು ಹೆಚ್ಚಿದಷ್ಟೂ ಅದು ಗಿಟಾರಿನ ಟೊಳ್ಳನ್ನು ಹೊಕ್ಕು ಅದನ್ನೇ ಮತ್ತೆ ನಡುಗಿಸುತ್ತಿತ್ತು. ವಾದ್ಯವು ಹಾಡುವುದನ್ನು ಬಿಟ್ಟು ಊಳಿಡುತ್ತಿತ್ತು.

ಹಾಗಾದರೆ ಟೊಳ್ಳೇ ಏಕೆ ಬೇಕು? ಸದ್ದು ಮಾಡುವ ಹೊಣೆಯನ್ನು ವಿದ್ಯುತ್ತು ಹೊತ್ತ ಮೇಲೆ ಒಡಲು ಗಟ್ಟಿಮರದ್ದಾದರೇನು? ಈ ಯೋಚನೆಯೂ ಲಿಯೋ ಒಬ್ಬನದೇ ಅಲ್ಲ. ಲೆಸ್ ಪಾಲ್ ಮುಂತಾದವರು ಇದೇ ಹಾದಿಯಲ್ಲಿ ತಡಕಾಡುತ್ತಿದ್ದರು. ಆದರೆ ಲಿಯೋನ ಅಂಗಡಿಯಲ್ಲಿ ನಡೆದ ಘಟನೆಯೊಂದು ಸೊಗಸಾಗಿದೆ. ಯುದ್ಧಕಾಲದಲ್ಲಿ, ಸುಮಾರು 1943ರಲ್ಲಿ, ಅವನೂ ಗೆಳೆಯ ಡಾಕ್ ಕಾಫ್‌ಮನ್ನನೂ ತಮ್ಮ ಅಯಸ್ಕಾಂತದ ಸುರುಳಿಯನ್ನು ಪರೀಕ್ಷಿಸಲೆಂದು ಗಟ್ಟಿ ಹಲಗೆಯೊಂದಕ್ಕೆ ತಂತಿ ಬಿಗಿದರು. ಅದು ಮಾರುವ ವಸ್ತುವಲ್ಲ, ಬರಿಯ ಪ್ರಯೋಗದ ಸಾಮಗ್ರಿ. ಊರಿನ ವಾದಕರು ಅದನ್ನು ಕೇಳಿ, ಒಂದು ರಾತ್ರಿಯ ಮಟ್ಟಿಗೆ ಕೊಡಿರೆಂದು ಬಂದು ನಿಲ್ಲತೊಡಗಿದರು. ಆ ಹಲಗೆಯ ಬೆಲೆಯನ್ನು ಮೊದಲು ಅರಿತವರು ವಾದಕರೇ. ಲಿಯೋ ಅದನ್ನು ಅವರಿಂದ ಅರಿತನು.

ಕಾಫ್‌ಮನ್ನನೊಡನೆ ಕೆಲಕಾಲ ಪಾಲುದಾರಿಕೆ ನಡೆದು, ಅವನು ಬಿಟ್ಟುಹೋದ ಮೇಲೆ ಫೆಂಡರ್ ಹೆಸರಿನ ಕಾರ್ಖಾನೆ ನಿಂತಿತು. 1948ರಲ್ಲಿ ಜಾರ್ಜ್ ಫುಲರ್ಟನ್ ಎಂಬ ತರುಣನು ಬಂದು ಸೇರಿದನು. 1950ರಲ್ಲಿ ಗಟ್ಟಿಮರದ ಗಿಟಾರು ಮಾರುಕಟ್ಟೆಗೆ ಬಂದಿತು. ಒಂದು ಹಲಗೆಯಂಥ ಒಡಲು, ಮೇಪಲ್ ಮರದ ದಂಡಿ, ಎರಡನ್ನೂ ಬಿಗಿಯಲು ನಾಲ್ಕು ಸ್ಕ್ರೂಗಳು! ಪರಂಪರೆಯ ವಾದ್ಯಕಾರರು ಅಂಟು ಹಾಕಿ ಬೆಸೆಯುತ್ತಿದ್ದ ದಂಡಿಯನ್ನು ಸ್ಕ್ರೂ ಹಾಕಿ ನಿಲ್ಲಿಸಿದುದು ಹಲವರಿಗೆ ಹಾಸ್ಯವಾಗಿ ಕಂಡಿತು. ಅದರಲ್ಲಿ ಕಂಡುದು ರೇಡಿಯೊ ದುರಸ್ತಿಯವನ ಬುದ್ಧಿ. ಕೆಟ್ಟ ಭಾಗವನ್ನು ಬಿಚ್ಚಿ ಬೇರೊಂದನ್ನು ಹಾಕುವಂತಿರಬೇಕು. ರಾತ್ರಿ ಮುರಿದ ವಾದ್ಯ ಮರುಸಂಜೆಯೊಳಗೆ ಹಾಡುವಂತಾಗಬೇಕು. ಆ ವಾದ್ಯಕ್ಕೆ ಮೊದಲು ಇಟ್ಟ ಬ್ರಾಡ್‌ಕಾಸ್ಟರ್ ಎಂಬ ಹೆಸರಿಗೆ, ಅಂಥದೇ ಹೆಸರಿನ ನಗಾರಿಗಳನ್ನು ಮಾರುತ್ತಿದ್ದ ಗ್ರೆಚ್ ಸಂಸ್ಥೆ ಆಕ್ಷೇಪಿಸಿತು. ಅಚ್ಚಾದ ಹೆಸರಪಟ್ಟಿಯಿಂದ ಆ ಪದವನ್ನು ಕತ್ತರಿಸಿ ಕೆಲವು ಕಾಲ ಗಿಟಾರುಗಳನ್ನು ಅನಾಮಿಕವಾಗಿ ಕಳುಹಿಸಿದರು. 1951ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರು ನಿಂತಿತು.

ಅದೇ ವರ್ಷ ಅವನು ಮತ್ತೊಂದು ಸಂಕಟವನ್ನು ಪರಿಹರಿಸಿದನು. ಮಂದ್ರಸ್ವರ ನುಡಿಸುವವರು ಆಳೆತ್ತರದ ಡಬಲ್ ಬೇಸನ್ನು ಹೊತ್ತು ಊರೂರು ಅಲೆಯಬೇಕಾಗಿತ್ತು. ಅಷ್ಟಾಗಿಯೂ ಮೇಳದ ಅಬ್ಬರದಲ್ಲಿ ಅದರ ಸದ್ದು ಮುಳುಗುತ್ತಿತ್ತು. ಅದಕ್ಕೆ ಮೆಟ್ಟುಗಳೂ ಇಲ್ಲ. ಬೆರಳು ಕೂದಲೆಳೆ ಜಾರಿದರೆ ಅಪಸ್ವರ. ಲಿಯೋ ಅದನ್ನು ಗಿಟಾರಿನಂತೆ ಕೊರಳಿಗೆ ತೂಗುಹಾಕಿಕೊಳ್ಳುವ ವಾದ್ಯವಾಗಿ ಮಾಡಿ, ಮೆಟ್ಟುಗಳನ್ನು ಕೂಡಿಸಿದನು. ಸ್ವರವು ನಿಖರವಾಗಿ ನಿಲ್ಲುವುದರಿಂದ ಅದಕ್ಕೆ ಪ್ರಿಸಿಷನ್ ಬೇಸ್ ಎಂದು ಹೆಸರಾಯಿತು.

ಈ ಎಲ್ಲದರ ನಡುವೆ ಅವನ ಸ್ಥಿತಿಯನ್ನು ನೆನೆಯಬೇಕು. ಗಿಟಾರನ್ನು ಶ್ರುತಿಗೊಳಿಸುವುದೂ ಅವನಿಗೆ ಬರುತ್ತಿರಲಿಲ್ಲವೆಂದು ಪ್ರತೀತಿ. ಯಾವ ವಾದಕನು ಅಂಗಡಿಗೆ ಬಂದರೂ ಹೊಸ ವಾದ್ಯವನ್ನು ಅವನ ಕೈಗಿತ್ತು, ತಾನು ದೂರ ನಿಂತು ಕೇಳುವನು. ಸಂಜೆ ನೃತ್ಯಶಾಲೆಗಳಿಗೆ ಹೋಗಿ, ಜನರು ಕುಣಿಯುತ್ತಿರುವಾಗ ಅವನು ಧ್ವನಿವರ್ಧಕದ ಕಡೆಗೆ ಕಿವಿಗೊಟ್ಟಿರುವನು. ತನಗೆ ಬಾರದೆಂಬುದನ್ನು ಅವನು ಮರೆಮಾಡಲಿಲ್ಲ. ಬಲ್ಲವರನ್ನು ಕೇಳುವುದನ್ನೇ ತನ್ನ ವಿದ್ಯೆಯಾಗಿ ಮಾಡಿಕೊಂಡನು. ತಾನೇ ವಾದಕನಾಗಿದ್ದರೆ ಬಹುಶಃ ತನ್ನ ಕೈಗೆ ಒಗ್ಗುವ ವಾದ್ಯವನ್ನು ಮಾಡಿ ತೃಪ್ತನಾಗುತ್ತಿದ್ದನು. ನುಡಿಸಲು ಬಾರದುದರಿಂದ ಎಲ್ಲರ ಕೈಯನ್ನೂ ಗಮನಿಸಬೇಕಾಯಿತು.

ಟೆಲಿಕಾಸ್ಟರಿನ ಚೂಪಾದ ಅಂಚು ಪಕ್ಕೆಲುಬಿಗೆ ಒತ್ತುತ್ತದೆಂದು ವಾದಕರು ದೂರಿದರು. ಬಿಲ್ ಕಾರ್ಸನ್ ಎಂಬವನು ತನಗೆ ಬೇಕಾದುದನ್ನು ಒಂದೊಂದಾಗಿ ಹೇಳಿದನು. ಹವಾಯಿ ಸಂಗೀತದಲ್ಲಿ ನುರಿತ ಫ್ರೆಡ್ಡಿ ಟವಾರೆಸ್ 1953ರಲ್ಲಿ ಕಾರ್ಖಾನೆಗೆ ಬಂದು ನಕ್ಷೆ ಬರೆದನು. 1954ರಲ್ಲಿ ಹೊರಬಂದ ಸ್ಟ್ರಾಟೊಕಾಸ್ಟರಿನ ಒಡಲು ಎದೆಗೂ ಮೊಣಕೈಗೂ ಹೊಂದುವಂತೆ ಬಾಗಿ ಸವೆದಿದ್ದಿತು. ಮೂರು ಸುರುಳಿಗಳು, ಸ್ವರವನ್ನು ಕಂಪಿಸಲು ಒಂದು ಸನ್ನೆ. ಎಷ್ಟೋ ವಾದಕರ ದೂರುಗಳು ಸೇರಿ ಆ ಸುಂದರ ಆಕಾರವಾಯಿತು.

ಇನ್ನು ಬಣ್ಣದ ಮಾತು. ಹಿಂದೆ ಕಾರಿಗೆ ಕುಂಚದಿಂದ ಮೆರುಗೆಣ್ಣೆ ಹಚ್ಚಿದರೆ ಒಣಗಲು ವಾರಗಳೇ ಬೇಕಾಗುತ್ತಿದ್ದುವು. 1920ರ ದಶಕದಲ್ಲಿ ಡ್ಯೂಪಾಂಟ್ ಕಂಪನಿಯು ತಂದ ಡ್ಯೂಕೊ ಎಂಬ ನೈಟ್ರೊಸೆಲ್ಯುಲೋಸ್ ಮೆರುಗು, ಪಿಚಕಾರಿಯಿಂದ ಸಿಂಪಡಿಸಿದರೆ ಬೇಗನೆ ಒಣಗಿ ಹೊಳೆಯುತ್ತಿತ್ತು. ಅದರಿಂದ ಅಮೆರಿಕದ ರಸ್ತೆಗಳು ಬಣ್ಣಬಣ್ಣವಾದುವು. ಕ್ಯಾಲಿಫೋರ್ನಿಯದಲ್ಲಂತೂ ಕಾರು ಮನೆಯ ಮಗುವಿನಂತೆ. 1950ರ ದಶಕದ ನಡುವಿನಲ್ಲಿ ಫೆಂಡರ್ ಕಾರ್ಖಾನೆ, ಬೆಲೆಯ ಮೇಲೆ ನೂರಕ್ಕೆ ಐದರಷ್ಟು ಹೆಚ್ಚು ಕೊಟ್ಟವರಿಗೆ ಅವರು ಬೇಡಿದ ಬಣ್ಣದ ಗಿಟಾರನ್ನು ಕೊಡತೊಡಗಿತು. ಆ ಬಣ್ಣಗಳು ಬಂದುದು ಕಾರಿನ ಬಣ್ಣದ ಪಟ್ಟಿಯಿಂದ: ಫೋರ್ಡ್ ಥಂಡರ್‌ಬರ್ಡ್ ಕಾರಿನ ಫಿಯೆಸ್ಟಾ ಕೆಂಪು, ಕ್ಯಾಡಿಲಾಕಿನ ಲೇಕ್ ಪ್ಲಾಸಿಡ್ ನೀಲಿ, ಹೀಗೆ. 1959ರಲ್ಲಿ ಇಂಗ್ಲೆಂಡಿನ ಹ್ಯಾಂಕ್ ಮಾರ್ವಿನ್ ಎಂಬ ತರುಣ ವಾದಕನ ಕೈಗೆ ಕೆಂಪು ಸ್ಟ್ರಾಟೊಕಾಸ್ಟರ್ ಬಂದಾಗ, ಅದನ್ನು ಕಂಡ ಅಲ್ಲಿನ ಹುಡುಗರು ಅಂಥದೊಂದಕ್ಕಾಗಿ ಹಂಬಲಿಸಿದರು.

ಆದ್ದರಿಂದ ಕಾರಿನ ಮೇಣದ ಡಬ್ಬಿ ಹಿಡಿದ ಹುಡುಗನು ತಿಳಿಯದೆಯೇ ಬಂಧುವನ್ನು ಬಂಧುವಿನೊಡನೆ ಕೂಡಿಸುತ್ತಾನೆ. ಎಚ್ಚರಿಕೆಯೊಂದು ಮಾತ್ರ ಬೇಕು. ಹೊಳೆಯುವ ಬಣ್ಣದ ಮೇಲೆ ತೆಳ್ಳಗೆ ಹಚ್ಚಿ ಒರೆಸಿದ ಮೇಣ ಬೆರಳಿನ ಬೆವರನ್ನು ತಡೆದೀತು. ಬಣ್ಣ ಬಳಿಯದ ಮೆಟ್ಟುಗಳ ಹಲಗೆಗೆ ಅದು ಸಲ್ಲದು. ಉಜ್ಜುವ ಪುಡಿ ಬೆರೆತ ಮೇಣವಾದರೆ ತೆಳುವಾದ ಹಳೆಯ ಮೆರುಗನ್ನೇ ತಿಂದುಹಾಕುತ್ತದೆ. ಚೋದ್ಯವೆಂದರೆ, ಫೆಂಡರನ ಕಾಲದ ಗಿಟಾರುಗಳಲ್ಲಿ ಜನರು ಇಂದು ಆದರದಿಂದ ಬೆರಳಾಡಿಸುವುದು ಬಣ್ಣ ಉಜ್ಜಿಹೋಗಿ ಮರ ಕಾಣುವ ಜಾಗದ ಮೇಲೆ. ಅಲ್ಲಿಯೇ ವಾದಕನ ಮೊಣಕೈ ವರ್ಷಗಟ್ಟಲೆ ಊರಿದ್ದುದು.

1950ರ ದಶಕದಲ್ಲಿ ಹಿಡಿದ ಸೋಂಕೊಂದು ಲಿಯೋನನ್ನು ಬಿಡದೆ ಕಾಡಿತು. ತಾನು ಹೆಚ್ಚು ಕಾಲ ಬದುಕೆನೆಂದು ಅವನು ನಂಬಿದನು. 1965ರ ಜನವರಿಯಲ್ಲಿ ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೆ ಕಾರ್ಖಾನೆಯನ್ನು ಸಿ.ಬಿ.ಎಸ್. ಸಂಸ್ಥೆಗೆ ಮಾರಿಬಿಟ್ಟನು. ಕಾರ್ಖಾನೆಯೊಡನೆ ಅವನ ಹೆಸರೂ ಹೋಯಿತು. ಅನಂತರ ಬೇರೊಬ್ಬ ವೈದ್ಯನು ಕೊಟ್ಟ ಔಷಧದಿಂದ ರೋಗವು ಗುಣವಾಯಿತು! ಸಾಯುವೆನೆಂದು ಎಲ್ಲವನ್ನೂ ಒಪ್ಪಿಸಿ ಕೈಮುಗಿದವನ ಮುಂದೆ ಇನ್ನೂ ಕಾಲು ಶತಮಾನದ ಆಯುಷ್ಯ ಬಿದ್ದಿತ್ತು. ತನ್ನ ವಾದ್ಯದ ಮೇಲೆ ತನ್ನ ಹೆಸರು ಬರೆಯುವ ಹಕ್ಕು ಮಾತ್ರ ಉಳಿದಿರಲಿಲ್ಲ. 1969ರಲ್ಲಿ ವುಡ್‌ಸ್ಟಾಕ್ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ಬಿಳಿಯ ಸ್ಟ್ರಾಟೊಕಾಸ್ಟರಿನಿಂದ ತನ್ನ ದೇಶದ ರಾಷ್ಟ್ರಗೀತೆಯನ್ನು ಗರ್ಜಿಸಿದಾಗ, ವಾದ್ಯದ ತಲೆಯ ಮೇಲೆ ಫೆಂಡರ್ ಎಂದಿತ್ತು, ಕಾರ್ಖಾನೆ ಫೆಂಡರನದಾಗಿರಲಿಲ್ಲ.

ಬೇರೆಯವರಾದರೆ ಐಶ್ವರ್ಯದಲ್ಲಿ ವಿಶ್ರಮಿಸುತ್ತಿದ್ದರು, ಇಲ್ಲವೆ ಹೆಸರಿಗಾಗಿ ಹಲುಬುತ್ತಿದ್ದರು. ಲಿಯೋ ಮರಳಿ ಕೆಲಸದ ಮೇಜಿಗೆ ಹೋದನು. 1970ರ ದಶಕದಲ್ಲಿ ಮ್ಯೂಸಿಕ್ ಮ್ಯಾನ್ ಸಂಸ್ಥೆಗಾಗಿ ಹೊಸ ಬೇಸ್ ವಾದ್ಯವನ್ನು ರೂಪಿಸಿದನು. 1979ರಲ್ಲಿ ಪತ್ನಿ ಎಸ್ತರ್ ತೀರಿಕೊಂಡಳು. ಮರುವರ್ಷ ಫಿಲ್ಲಿಸ್ ಎಂಬವಳನ್ನು ಮದುವೆಯಾದನು. ಜಾರ್ಜ್ ಫುಲರ್ಟನ್ನನೊಡನೆ ಜಿ ಅಂಡ್ ಎಲ್ ಎಂಬ ಮೂರನೆಯ ಸಂಸ್ಥೆ ಕಟ್ಟಿದನು. ಅದರ ಕಾರ್ಖಾನೆ ಇದ್ದುದು ಫುಲರ್ಟನ್ನಿನ ಫೆಂಡರ್ ಹೆಸರಿನ ಬೀದಿಯಲ್ಲಿ. ಕಂಪವಾತವು ಕೈಗಳನ್ನು ನಡುಗಿಸುತ್ತಿದ್ದರೂ ದಿನದಿನವೂ ಕೆಲಸದ ಕೋಣೆಗೆ ಬರುತ್ತಿದ್ದನು; ಸಾಯುವ ಹಿಂದಿನ ದಿನವೂ ಬಂದಿದ್ದನೆಂದು ಹೇಳುತ್ತಾರೆ. 1991ರ ಮಾರ್ಚ್ 21ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಅವನ ಬಾಳು ಮುಗಿಯಿತು. ಅವನ ಕೆಲಸದ ಕೋಣೆಯನ್ನು ಅಲ್ಲಿಯವರು ಬಹುಕಾಲ ಅವನು ಬಿಟ್ಟು ಹೋದಂತೆಯೇ ಉಳಿಸಿಕೊಂಡಿದ್ದರು.

ಲೋಕದ ಗಾನಕ್ಕೆ ವಾದ್ಯವನ್ನು ಕೊಟ್ಟವನು ತಾನು ಒಂದು ರಾಗವನ್ನೂ ಅದರಲ್ಲಿ ಮಿಡಿಯದೆ ಹೋದನೆಂದು ಮರುಗುವವರುಂಟು. ಮರುಗಬೇಕಾಗಿಲ್ಲ. ವಾದ್ಯದ ಸೇವೆ ಬೇರೆ, ವಾದನದ ಸಾಧನೆ ಬೇರೆ; ಒಂದು ಇನ್ನೊಂದರ ಬದಲಿಗೆ ನಿಲ್ಲಲಾರದು. ಲಿಯೋ ಇದನ್ನರಿತು ತನ್ನ ಪಾಲಿನದನ್ನು ಪೂರ್ಣವಾಗಿ ಮಾಡಿ, ಉಳಿದುದನ್ನು ಬಲ್ಲವರಿಗೆ ಬಿಟ್ಟನು. ಮೇಣ ಹಚ್ಚುತ್ತ ಕುಳಿತ ನಮ್ಮ ಹುಡುಗನಿಗೂ ಇದೇ ಮಾತು. ವಾದ್ಯವನ್ನು ಪ್ರೀತಿಸುವುದು ತಪ್ಪಲ್ಲ, ಬಟ್ಟೆಯನ್ನು ಮಡಿಸಿಡುವ ಹೊತ್ತು ತಿಳಿದಿದ್ದರೆ ಸಾಕು. ಒಡಲು ಹೊಳೆದುದಾಯಿತು, ಇನ್ನು ಮೊಣಕೈಯ ಕೆಳಗೆ ಆ ಬಣ್ಣ ಸವೆಯಬೇಕು.