ಹೆಜ್ಜೆ ಎಣಿಸಿ ಟಿಬೆಟ್ ಅಳೆದ ಮೇಷ್ಟ್ರು

ಮಕ್ಕಳೇ, ನಿಮ್ಮ ಮನೆಯಿಂದ ಶಾಲೆಗೆ ಎಷ್ಟು ಹೆಜ್ಜೆ? ಎಂದಾದರೂ ಎಣಿಸಿದ್ದೀರಾ? ಎಣಿಸಲು ಹೊರಟರೆ ನೂರು, ಇನ್ನೂರರವರೆಗೆ ಲೆಕ್ಕ ಸರಿಯಾಗಿಯೇ ಹೋಗುತ್ತದೆ. ಅಷ್ಟರಲ್ಲಿ ಗೆಳೆಯರು ಸಿಗುತ್ತಾರೆ, ಮಾತು ಶುರುವಾಗುತ್ತದೆ, ಲೆಕ್ಕ ತಪ್ಪಿಹೋಗುತ್ತದೆ. ಆದರೆ ನೂರೈವತ್ತು ವರ್ಷಗಳಿಗೂ ಹಿಂದೆ ಒಬ್ಬ ಶಾಲಾ ಮೇಷ್ಟ್ರು ಹೀಗೆ ಎಣಿಸುತ್ತಲೇ ಸುಮಾರು 25 ಲಕ್ಷ ಹೆಜ್ಜೆ ನಡೆದರು. ಅದೂ ಹಿಮ ಕವಿದ ಬೆಟ್ಟಗಳ ನಡುವೆ, ಸಿಕ್ಕಿಬಿದ್ದರೆ ಜೀವ ಹೋಗಬಹುದು ಎಂಬ ಭಯದಲ್ಲಿ! ಅವರೇ ನೈನ್ ಸಿಂಗ್ ರಾವತ್. ಟಿಬೆಟ್ಟಿನ ನಕ್ಷೆ ಮೂಡಿದ್ದು ಅವರ ಹೆಜ್ಜೆಗಳಿಂದ. ಅವರ ಕಥೆಯನ್ನು ಈಗ ತಿಳಿಯೋಣ.

ಹಿಮನದಿಯ ಬುಡದ ಊರು

ನೈನ್ ಸಿಂಗ್ ಹುಟ್ಟಿದ್ದು 1830ರ ಅಕ್ಟೋಬರ್ 21ರಂದು, ಮಿಲಮ್ ಎಂಬ ಹಳ್ಳಿಯಲ್ಲಿ. ಈ ಹಳ್ಳಿ ಈಗಿನ ಉತ್ತರಾಖಂಡ ರಾಜ್ಯದ ಪಿಥೋರಾಗಢ ಜಿಲ್ಲೆಯಲ್ಲಿದೆ. ಸಮುದ್ರ ಮಟ್ಟದಿಂದ ಸುಮಾರು 11,000 ಅಡಿ ಎತ್ತರದಲ್ಲಿ, ಒಂದು ದೊಡ್ಡ ಹಿಮನದಿಯ ಬುಡದಲ್ಲಿದೆ. ಚಳಿಗಾಲ ಬಂತೆಂದರೆ ಊರಿನವರೆಲ್ಲ ಕುರಿಮೇಕೆಗಳ ಸಮೇತ ಕೆಳಗಿನ ಕಣಿವೆಗೆ ಇಳಿಯುತ್ತಿದ್ದರು. ಬೇಸಿಗೆಯಲ್ಲಿ ಮತ್ತೆ ಮೇಲೆ ಹತ್ತುತ್ತಿದ್ದರು.

ಅಲ್ಲಿನ ಜನರ ಮುಖ್ಯ ಕಸುಬು ವ್ಯಾಪಾರ. ಭಾರತದಿಂದ ದವಸ, ಬಟ್ಟೆ ಹೊತ್ತು ಹಿಮಾಲಯದ ಕಣಿವೆದಾರಿಗಳನ್ನು ದಾಟಿ ಟಿಬೆಟ್ಟಿಗೆ ಹೋಗುತ್ತಿದ್ದರು. ಅಲ್ಲಿಂದ ಉಪ್ಪು, ಉಣ್ಣೆ ತರುತ್ತಿದ್ದರು. ಹೀಗಾಗಿ ಟಿಬೆಟ್ಟಿನ ಭಾಷೆ ಮತ್ತು ರೀತಿ ನೀತಿಗಳು ನೈನ್ ಸಿಂಗ್ ಅವರಿಗೆ ಚಿಕ್ಕಂದಿನಿಂದಲೇ ಗೊತ್ತಿದ್ದವು. 1855ರಿಂದ 1857ರವರೆಗೆ ಅವರು ಜರ್ಮನಿಯ ಷ್ಲಾಗಿನ್‌ಟ್ವೈಟ್ ಸಹೋದರರ ಜೊತೆ ತಿರುಗಾಡಿದರು. ಮಾನಸ ಸರೋವರ, ಲಡಾಖ್‌ಗಳನ್ನು ನೋಡಿದರು. ಅಳತೆಯ ಉಪಕರಣಗಳ ಪರಿಚಯ ಅವರಿಗಾದದ್ದು ಆಗಲೇ.

ಆಮೇಲೆ ಅವರು ತಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾದರು. ಮೇಷ್ಟ್ರಾದ್ದರಿಂದ ಜನ ಅವರನ್ನು ಪಂಡಿತ ಎಂದು ಕರೆಯುತ್ತಿದ್ದರು. ಮುಂದೆ ಅದೇ ಅವರ ಗುಟ್ಟಿನ ಹೆಸರಾಯಿತು!

ನಕ್ಷೆಯಲ್ಲಿ ಖಾಲಿ ಜಾಗ

ಆಗ ನಮ್ಮ ದೇಶ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಅವರು ದಕ್ಷಿಣ ಭಾರತದಿಂದ ಅಳತೆ ಆರಂಭಿಸಿ ಹಿಮಾಲಯದವರೆಗೆ ಭೂಮಾಪನ ಮಾಡಿದ್ದರು. ಆದರೆ ಹಿಮಾಲಯದ ಆಚೆಗಿನ ಟಿಬೆಟ್ ಮಾತ್ರ ನಕ್ಷೆಯಲ್ಲಿ ಹೆಚ್ಚು ಕಡಿಮೆ ಖಾಲಿಯಾಗಿತ್ತು. ಅಲ್ಲಿನ ರಾಜಧಾನಿ ಲಾಸಾ ಸರಿಯಾಗಿ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಯೂರೋಪಿನವರು ಟಿಬೆಟ್ ಒಳಗೆ ಬರುವಂತಿರಲಿಲ್ಲ. ಅಳತೆ ಮಾಡುವವರನ್ನು ಕಂಡರೆ ಅಲ್ಲಿನವರಿಗೆ ಅನುಮಾನ. ಇಂದು ನಕ್ಷೆ ಬರೆದವರು ನಾಳೆ ಸೈನ್ಯ ತರುತ್ತಾರೆ ಎಂಬ ಹೆದರಿಕೆ.

ಭೂಮಾಪನ ಇಲಾಖೆಯ ಕ್ಯಾಪ್ಟನ್ ಮಾಂಟ್ಗೋಮರಿ ಒಂದು ಉಪಾಯ ಹೂಡಿದರು. ಗಡಿನಾಡಿನ ಜನರಿಗೆ ಅಳತೆ ಕಲಿಸಿ, ವ್ಯಾಪಾರಿಗಳ ಅಥವಾ ಯಾತ್ರಿಕರ ವೇಷದಲ್ಲಿ ಕಳುಹಿಸುವುದೇ ಆ ಉಪಾಯ. 1863ರಲ್ಲಿ ನೈನ್ ಸಿಂಗ್ ಮತ್ತು ಅವರ ಸೋದರ ಸಂಬಂಧಿ ಮಣಿ ಸಿಂಗ್ ಡೆಹ್ರಾಡೂನಿಗೆ ತರಬೇತಿಗೆ ಬಂದರು. ಪಾಠ ಹೇಳುತ್ತಿದ್ದ ಮೇಷ್ಟ್ರು ಮತ್ತೆ ವಿದ್ಯಾರ್ಥಿಯಾದರು!

ಜಪಮಾಲೆಯೇ ಅಳತೆಪಟ್ಟಿ

ಮೊದಲ ಪಾಠ ನಡಿಗೆ. ನಡೆಯುವುದನ್ನೂ ಕಲಿಯಬೇಕೆ ಎಂದು ನಿಮಗೆ ಅನ್ನಿಸಬಹುದು. ಏರಾಗಲಿ, ಇಳಿಜಾರಾಗಲಿ, ಬಯಲಾಗಲಿ, ಪ್ರತಿ ಹೆಜ್ಜೆಯೂ ಒಂದೇ ಉದ್ದವಿರಬೇಕು. ಸುಮಾರು 2,000 ಹೆಜ್ಜೆ ಹಾಕಿದರೆ ಒಂದು ಮೈಲಿ. ಅಂದರೆ ಒಂದು ಹೆಜ್ಜೆಗೆ ಸುಮಾರು 80 ಸೆಂಟಿಮೀಟರ್. ಪ್ರತಿ ಹೆಜ್ಜೆಯಲ್ಲಿ ಒಂದೇ ಒಂದು ಸೆಂಟಿಮೀಟರ್ ತಪ್ಪಿದರೆ ಏನಾಗುತ್ತದೆ? ಒಂದು ಮೈಲಿಗೆ 20 ಮೀಟರ್ ವ್ಯತ್ಯಾಸ. 1,200 ಮೈಲಿಗೆ 24 ಕಿಲೋಮೀಟರ್ ವ್ಯತ್ಯಾಸ! ಅದಕ್ಕಾಗಿಯೇ ಅಷ್ಟು ಅಭ್ಯಾಸ.

ಎಣಿಕೆ ತಪ್ಪದಿರಲು ಅವರ ಕೈಯಲ್ಲಿ ಜಪಮಾಲೆ ಇತ್ತು. ಬೌದ್ಧರ ಜಪಮಾಲೆಯಲ್ಲಿ ಸಾಮಾನ್ಯವಾಗಿ 108 ಮಣಿಗಳಿರುತ್ತವೆ. ಇವರ ಮಾಲೆಯಲ್ಲಿ ಇದ್ದದ್ದು 100. ನೂರು ಹೆಜ್ಜೆಗೆ ಒಂದು ಮಣಿ ಸರಿಸಬೇಕು. ಮಾಲೆ ಒಂದು ಸುತ್ತು ಬಂದರೆ 10,000 ಹೆಜ್ಜೆ, ಅಂದರೆ ಸುಮಾರು 5 ಮೈಲಿ. ಎಂಟು ಮಣಿ ಕಡಿಮೆ ಇರುವುದನ್ನು ಯಾರು ಎಣಿಸಿ ನೋಡುತ್ತಾರೆ?

ಟಿಬೆಟ್ಟಿನ ಯಾತ್ರಿಕರು ಕೈಯಲ್ಲಿ ತಿರುಗಿಸುವ ಪ್ರಾರ್ಥನಾ ಚಕ್ರವನ್ನು ನೀವು ಚಿತ್ರದಲ್ಲಿ ನೋಡಿರಬಹುದು. ಅದರೊಳಗೆ ಮಂತ್ರ ಬರೆದ ಕಾಗದದ ಸುರುಳಿ ಇರುತ್ತದೆ. ನೈನ್ ಸಿಂಗ್ ಅವರ ಚಕ್ರದೊಳಗೆ ಇದ್ದದ್ದು ದೂರ, ದಿಕ್ಕುಗಳನ್ನು ಬರೆದ ಚೀಟಿಗಳು! ಯಾರಾದರೂ ಹತ್ತಿರ ಬಂದರೆ ಅವರು ಚಕ್ರ ತಿರುಗಿಸತೊಡಗುತ್ತಿದ್ದರು. ಪ್ರಾರ್ಥನೆಯಲ್ಲಿರುವವರನ್ನು ಯಾರೂ ಮಾತನಾಡಿಸುತ್ತಿರಲಿಲ್ಲ.

ಕುದಿಯುವ ನೀರು ಹೇಳಿದ ಎತ್ತರ

ದೂರವೇನೋ ಗೊತ್ತಾಯಿತು. ಎತ್ತರ ತಿಳಿಯುವುದು ಹೇಗೆ? ಅದಕ್ಕೆ ಒಂದು ಉಷ್ಣಮಾಪಕ ಮತ್ತು ಒಂದಿಷ್ಟು ಕುದಿಯುವ ನೀರು ಸಾಕು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದಂತೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ಕಡಲ ತೀರದ ಮಂಗಳೂರಿನಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಲಾಸಾದಲ್ಲಿ ಸುಮಾರು 88 ಡಿಗ್ರಿ ಸಾಕು. ನೈನ್ ಸಿಂಗ್ ತಂಗಿದ ಕಡೆ ನೀರು ಕುದಿಸಿ ಉಷ್ಣತೆ ಬರೆದುಕೊಳ್ಳುತ್ತಿದ್ದರು.

ಊರು ಎಷ್ಟು ಉತ್ತರಕ್ಕಿದೆ ಎಂದು ತಿಳಿಯಲು ಸೂರ್ಯ ಮತ್ತು ನಕ್ಷತ್ರಗಳು ನೆರವಾದವು. ಧ್ರುವ ನಕ್ಷತ್ರ ಬೆಂಗಳೂರಿನಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ ಕಾಣುತ್ತದೆ. ಲಾಸಾದಲ್ಲಿ ಸುಮಾರು 30 ಡಿಗ್ರಿ ಮೇಲೆ ಕಾಣುತ್ತದೆ. ಆ ಕೋನವೇ ಹೆಚ್ಚು ಕಡಿಮೆ ಆ ಊರಿನ ಅಕ್ಷಾಂಶ. ಕೋನ ಅಳೆಯುವ ಉಪಕರಣಕ್ಕೆ ಸೆಕ್ಸ್‌ಟಂಟ್ ಎಂದು ಹೆಸರು. ಅದನ್ನು ಪೆಟ್ಟಿಗೆಯ ಗುಪ್ತ ತಳದಲ್ಲಿ ಅಡಗಿಸಿಟ್ಟಿದ್ದರು.

ಆದರೆ ಬೆಟ್ಟಗಳ ನಡುವೆ ದಿಗಂತವೇ ಕಾಣುವುದಿಲ್ಲವಲ್ಲ? ಅದಕ್ಕೂ ದಾರಿ ಇತ್ತು. ಪಾದರಸವನ್ನು ಕವಡೆಗಳೊಳಗೆ ತುಂಬಿ ಒಯ್ದಿದ್ದರು. ರಾತ್ರಿ ಅದನ್ನು ಒಂದು ಬಟ್ಟಲಿಗೆ ಸುರಿಯುತ್ತಿದ್ದರು. ನಿಂತ ಪಾದರಸದ ಮೈ ಸಮತಟ್ಟಾಗಿರುತ್ತದೆ, ಕನ್ನಡಿಯಂತೆ ಹೊಳೆಯುತ್ತದೆ. ಆಕಾಶದ ನಕ್ಷತ್ರಕ್ಕೂ ಬಟ್ಟಲಿನೊಳಗಿನ ಅದರ ಪ್ರತಿಬಿಂಬಕ್ಕೂ ನಡುವಿನ ಕೋನ ಅಳೆದು, ಅದನ್ನು ಅರ್ಧ ಮಾಡಿದರೆ ಉತ್ತರ ಸಿಕ್ಕಿತು!

ದೋಣಿ ಬಿಟ್ಟು ನಡೆದರು

1865ರಲ್ಲಿ ಅವರು ನೇಪಾಳದ ಮೂಲಕ ಟಿಬೆಟ್ ಕಡೆಗೆ ಹೊರಟರು. ಗಡಿಯ ಕ್ಯಿರೋಂಗ್ ಎಂಬಲ್ಲಿನ ಅಧಿಕಾರಿ ಅವರನ್ನು ಸುಲಭವಾಗಿ ಬಿಡಲಿಲ್ಲ. ಲಾಸಾಕ್ಕೆ ಹೋಗುವುದಿಲ್ಲ, ಹೋದರೆ ತಲೆ ಕೊಡುತ್ತೇನೆ ಎಂದು ನೈನ್ ಸಿಂಗ್ ಒಪ್ಪಿಗೆ ಬರೆದುಕೊಡಬೇಕಾಯಿತು. ಮಣಿ ಸಿಂಗ್ ಹಿಂದಿರುಗಿದರು. ನೈನ್ ಸಿಂಗ್ ಮಾತ್ರ ಲಡಾಖಿನವರ ವೇಷದಲ್ಲಿ ಮುಂದೆ ಸಾಗಿ, ಲಾಸಾಕ್ಕೆ ಹೊರಟಿದ್ದ ವ್ಯಾಪಾರಿಗಳ ತಂಡವನ್ನು ಸೇರಿಕೊಂಡರು.

ದಾರಿ ಸಾಂಗ್‌ಪೋ ನದಿಯ ದಂಡೆಯಲ್ಲಿ ಸಾಗುತ್ತದೆ. ಈ ನದಿಯೇ ಮುಂದೆ ಭಾರತಕ್ಕಿಳಿದು ಬ್ರಹ್ಮಪುತ್ರ ಆಗುತ್ತದೆ. ಒಂದು ಕಡೆ ತಂಡದ ಹೆಚ್ಚಿನವರು ನಡಿಗೆಯ ಶ್ರಮ ಬೇಡವೆಂದು ದೋಣಿ ಹತ್ತಿದರು. ದೋಣಿಯಲ್ಲಿ ಕುಳಿತರೆ ಹೆಜ್ಜೆ ಎಣಿಸುವುದು ಹೇಗೆ? ನೈನ್ ಸಿಂಗ್ ದಡದಲ್ಲಿ ನಡೆದೇ ಹೋದರು.

ಅಕ್ಟೋಬರ್ ಕೊನೆಗೆ ಶಿಗಾಟ್ಸೆ ಪಟ್ಟಣ ಬಂತು. ಅಲ್ಲಿ 1447ರಲ್ಲಿ ಕಟ್ಟಿದ ತಾಶಿಲುನ್‌ಪೋ ಎಂಬ ದೊಡ್ಡ ಬೌದ್ಧ ಮಠವಿದೆ. (ಇದೇ ಹೆಸರಿನ ಮಠವನ್ನು ಟಿಬೆಟ್ಟಿನಿಂದ ಬಂದ ಭಿಕ್ಷುಗಳು 1972ರಲ್ಲಿ ನಮ್ಮ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಸ್ಥಾಪಿಸಿದ್ದಾರೆ.) ಮಠದ ಮುಖ್ಯಸ್ಥರಾದ ಪಂಚೆನ್ ಲಾಮಾ ಅವರ ದರ್ಶನಕ್ಕೆ ಎಲ್ಲರೂ ಹೋಗಬೇಕಾಯಿತು. ಲಾಮಾ ಅವರಿಗೆ ಎಲ್ಲರ ಮನಸ್ಸಿನ ಗುಟ್ಟೂ ತಿಳಿಯುತ್ತದೆ ಎಂಬ ಮಾತು ಕೇಳಿದ್ದ ನೈನ್ ಸಿಂಗ್ ಅವರಿಗೆ ಎದೆ ಡವಡವ! ಒಳಗೆ ಹೋಗಿ ನೋಡಿದರೆ, ಪೀಠದ ಮೇಲಿದ್ದದ್ದು ಹತ್ತು ಹನ್ನೊಂದು ವರ್ಷದ ಬಾಲಕ. ಕುಶಲ ವಿಚಾರಿಸಿ ಆಶೀರ್ವದಿಸಿ ಕಳುಹಿಸಿದರು.

1866ರ ಜನವರಿ 10ರಂದು ನೈನ್ ಸಿಂಗ್ ಲಾಸಾ ತಲುಪಿದರು. 7ನೇ ಶತಮಾನದ ಜೋಖಾಂಗ್ ದೇಗುಲ, ಬೆಟ್ಟದ ಮೇಲಿನ ಪೊಟಾಲಾ ಅರಮನೆಗಳನ್ನು ಕಂಡರು. ಅಷ್ಟರಲ್ಲಿ ಕೈಯಲ್ಲಿದ್ದ ಹಣ ಕರಗಿತ್ತು. ಆಗ ಮೇಷ್ಟ್ರಿಕೆಯೇ ಕೈಹಿಡಿಯಿತು. ನೇಪಾಳದ ಅಂಗಡಿಯವರಿಗೆ ಲೆಕ್ಕ ಹೇಳಿಕೊಟ್ಟು ನಾಲ್ಕು ಕಾಸು ಸಂಪಾದಿಸಿದರು. ಇಬ್ಬರು ಕಾಶ್ಮೀರಿ ವ್ಯಾಪಾರಿಗಳು ಅವರ ನಿಜ ರೂಪ ಕಂಡುಹಿಡಿದರು. ಆದರೂ ಗುಟ್ಟು ಬಿಡಲಿಲ್ಲ, ಮೇಲಾಗಿ ಹಣವನ್ನೂ ಸಾಲ ಕೊಟ್ಟರು.

ಒಂದು ದಿನ ಲಾಸಾದ ಬೀದಿಯಲ್ಲಿ ಯಾರನ್ನು ಕಂಡರು ಗೊತ್ತೆ? ಒಪ್ಪಿಗೆ ಬರೆಸಿಕೊಂಡಿದ್ದ ಅದೇ ಕ್ಯಿರೋಂಗ್ ಅಧಿಕಾರಿಯನ್ನು! ನೈನ್ ಸಿಂಗ್ ಬೇಗನೆ ಮನೆ ಬದಲಿಸಿದರು. ಆಮೇಲೆ ಹೊರಗೆ ಕಾಣಿಸಿಕೊಂಡದ್ದೇ ಅಪರೂಪ. ಆದರೂ ಅಳತೆ ನಿಲ್ಲಿಸಲಿಲ್ಲ. ಏಪ್ರಿಲ್ 21ರಂದು ವ್ಯಾಪಾರಿಗಳೊಂದಿಗೆ ಹೊರಟು, ಮಾನಸ ಸರೋವರದ ಬಳಿ ಹಾದು, ಅಕ್ಟೋಬರ್ ಹೊತ್ತಿಗೆ ಡೆಹ್ರಾಡೂನಿಗೆ ಮರಳಿದರು. ಅವರು ಎಣಿಸಿ ನಡೆದ ದಾರಿ 1,200 ಮೈಲಿಗೂ ಹೆಚ್ಚು. ಅವರು ಕಂಡುಹಿಡಿದ ಲಾಸಾದ ಅಕ್ಷಾಂಶ ಇಂದಿನ ಅಳತೆಗೆ ತೀರ ಸಮೀಪವಾಗಿದೆ.

ಚಿನ್ನದ ಗಣಿ, ಕೊನೆಯ ದಾರಿ

1867ರಲ್ಲಿ ಅವರು ಪಶ್ಚಿಮ ಟಿಬೆಟ್ಟಿನ ಥೋಕ್ ಜಾಲುಂಗ್ ಚಿನ್ನದ ಗಣಿಗಳಿಗೆ ಹೋದರು. ಅವು 16,000 ಅಡಿಗೂ ಎತ್ತರದಲ್ಲಿದ್ದವು. ಕೊರೆಯುವ ಗಾಳಿ ತಡೆಯಲು ಅಲ್ಲಿನ ಜನ ನೆಲದಲ್ಲಿ ಆಳವಾದ ಗುಂಡಿ ತೋಡಿ ಅದರೊಳಗೆ ಡೇರೆ ಹಾಕುತ್ತಿದ್ದರು. ಅವರು ಚಳಿಗಾಲದಲ್ಲೇ ಹೆಚ್ಚು ಅಗೆಯುತ್ತಿದ್ದರು. ಏಕೆಂದರೆ ಹೆಪ್ಪುಗಟ್ಟಿದ ಮಣ್ಣು ಕುಸಿಯುವುದಿಲ್ಲ.

1874ರ ಜುಲೈನಲ್ಲಿ ಕೊನೆಯ ದೊಡ್ಡ ಪಯಣ. ಕುರಿಗಳ ಬೆನ್ನ ಮೇಲೆ ಸಾಮಾನು ಹೇರಿ, ಲಾಮಾ ವೇಷದಲ್ಲಿ, ಲೇಹ್‌ನಿಂದ ಟಿಬೆಟ್ಟಿನ ನಡುವೆ ಹಾದು ನವೆಂಬರಿನಲ್ಲಿ ಮತ್ತೆ ಲಾಸಾ ಸೇರಿದರು. ಗುರುತು ಸಿಗುವ ಅಪಾಯ ಕಂಡಿತು. ಆಗ ಅವರು ಮಾಡಿದ ಮೊದಲ ಕೆಲಸ, ಅಳತೆಯ ಕಾಗದಗಳನ್ನು ನಂಬಿಕಸ್ಥರ ಕೈಯಲ್ಲಿ ಲೇಹ್‌ಗೆ ಕಳುಹಿಸಿದ್ದು. ತಾನು ಉಳಿಯದಿದ್ದರೂ ಕೆಲಸ ಉಳಿಯಬೇಕಲ್ಲವೆ! ಎರಡೇ ದಿನದಲ್ಲಿ ಲಾಸಾ ಬಿಟ್ಟು ತವಾಂಗ್ ಮೂಲಕ 1875ರ ಮಾರ್ಚ್‌ನಲ್ಲಿ ಅಸ್ಸಾಮಿನ ಉದಾಲಗುರಿಗೆ ಇಳಿದರು. ವರ್ಷಗಟ್ಟಲೆ ಚಳಿ, ಗಾಳಿ, ಹಿಮದ ಹೊಳಪಿಗೆ ಮೈಯೊಡ್ಡಿ ಅವರ ಆರೋಗ್ಯ ಕೆಟ್ಟಿತ್ತು, ಕಣ್ಣು ಮಂಜಾಗಿತ್ತು.

ಮುಂದೆ ಅವರು ಹೊಸಬರಿಗೆ ತರಬೇತಿ ಕೊಟ್ಟರು. ಮತ್ತೆ ಮೇಷ್ಟ್ರಾದರು! 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ನೀಡಿತು. 2004ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಅಂಚೆಚೀಟಿ ಹೊರತಂದಿತು.

ಇನ್ನೊಂದು ಮಾತನ್ನೂ ನೆನಪಿಡಬೇಕು. ಟಿಬೆಟ್ಟಿನವರ ಹೆದರಿಕೆ ಸುಳ್ಳಾಗಲಿಲ್ಲ. 1904ರಲ್ಲಿ ಬ್ರಿಟಿಷ್ ಸೈನ್ಯ ಲಾಸಾದೊಳಗೆ ನುಗ್ಗಿತು. ಆಗ ನೈನ್ ಸಿಂಗ್ ಬದುಕಿರಲಿಲ್ಲ. ಒಂದೇ ನಕ್ಷೆ ಯಾತ್ರಿಕರಿಗೂ ದಾರಿ ತೋರುತ್ತದೆ, ಸೈನ್ಯಕ್ಕೂ ತೋರುತ್ತದೆ. ಅದನ್ನು ಹೇಗೆ ಬಳಸುತ್ತೇವೆ ಎಂಬುದು ನಮಗೆ ಸೇರಿದ್ದು.

ನೀವೂ ಮಾಡಿ ನೋಡಿ

ಶಾಲೆಯ ಅಂಗಳದಲ್ಲಿ 20 ಮೀಟರ್ ಅಳೆದು ಗೆರೆ ಹಾಕಿ. ಸಹಜವಾಗಿ ನಡೆದು ಎಷ್ಟು ಹೆಜ್ಜೆ ಆಯಿತೆಂದು ಎಣಿಸಿ. 20 ಮೀಟರನ್ನು ಹೆಜ್ಜೆಗಳ ಸಂಖ್ಯೆಯಿಂದ ಭಾಗಿಸಿದರೆ ನಿಮ್ಮ ಒಂದು ಹೆಜ್ಜೆಯ ಉದ್ದ ಸಿಗುತ್ತದೆ. ಈಗ ಒಂದು ದಾರಕ್ಕೆ ಹತ್ತು ಹುಣಸೆ ಬೀಜ ಪೋಣಿಸಿಕೊಳ್ಳಿ. ನೂರು ಹೆಜ್ಜೆಗೆ ಒಂದು ಬೀಜ ಸರಿಸುತ್ತಾ ಶಾಲೆಯಿಂದ ಮನೆಗೆ ನಡೆಯಿರಿ. ಮರುದಿನ ಮತ್ತೊಮ್ಮೆ ಅಳೆಯಿರಿ. ಎರಡೂ ದಿನ ಒಂದೇ ಉತ್ತರ ಬಂತೆ? ಬಾರದಿದ್ದರೆ ಎಲ್ಲಿ ತಪ್ಪಿತು ಎಂದು ಯೋಚಿಸಿ. ಮಿಲಮ್‌ನ ಮೇಷ್ಟ್ರು ಎರಡು ವರ್ಷ ತರಬೇತಿ ಪಡೆದದ್ದು ಏಕೆ ಎಂದು ಆಗ ನಿಮಗೇ ತಿಳಿಯುತ್ತದೆ.